ಬೇಳೆ ಬೇಗ ಬೇಯುವ ಬೋರಿನ ನೀರು: ಫ್ಲೋರೈಡ್ ಅಳೆಯುವಾಗ ನಾನು ಮಾಡುವುದು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ 'ಈ ಬೋರಿನ ನೀರು ಒಳ್ಳೇದು, ಬೇಳೆ ಬೇಗ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ' ಎಂದರೆ ನಾನು ಮೊದಲು ಬಾಟಲಿ ಹಿಡಿಯುವುದು ಅಲ್ಲೇ. ಬೇಳೆ ಬೇಯುತ್ತದೆ ಎಂದರೆ ಕ್ಯಾಲ್ಸಿಯಂ ಕಡಿಮೆ. ಇಲ್ಲಿನ ನೈಸ್ (ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು), ಗ್ರಾನೈಟ್ ಬಂಡೆಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ನೀರಿಗೇ ಫ್ಲೋರೈಡ್ ಏರಲು ದಾರಿ ಸಲೀಸು.

ಬಂಡೆಯ ಮೈಯಲ್ಲಿ ನೀರಿಗೆ ಜಾಗವಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು. ಬೋರ್ ಕೊರೆಯುವವರು 'ಗ್ಯಾಪ್' ಎನ್ನುವುದು ಇದೇ ಬಿರುಕಿಗೆ. ಒಂದೇ ಬೋರಿಗೆ 180 ಅಡಿಯಲ್ಲಿ ಒಂದು, 620ರಲ್ಲಿ ಒಂದು, 900ರಲ್ಲಿ ಇನ್ನೊಂದು ಗ್ಯಾಪ್ ಇದ್ದರೆ ಪೈಪಿನಿಂದ ಬರುವುದು ಮೂರರ ಬೆರಕೆ. ಹಾಗಾಗಿ ನೀರು ಹಿಡಿಯುವ ಮೊದಲು ನಾಲ್ಕು ವಿಷಯ ಬರೆದುಕೊಳ್ಳುತ್ತೇನೆ: ಒಟ್ಟು ಆಳ, ಕೇಸಿಂಗ್ (ಮೇಲಿನ ಸಡಿಲ ಪದರ ಕುಸಿಯದಂತೆ ಇಳಿಸುವ ಕೊಳವೆ) ಎಷ್ಟು ಅಡಿ, ಗ್ಯಾಪ್ ಸಿಕ್ಕ ಆಳಗಳು, ಮೋಟಾರ್ ಇಳಿಸಿದ ಆಳ. ಮಾಲೀಕರಿಗೆ ಆಳ ಮರೆತಿದ್ದರೂ ಎಷ್ಟು ಪೈಪ್ ಇಳಿಸಿದರು ಎಂಬುದು ನೆನಪಿರುತ್ತದೆ. ಪೈಪ್ ಲೆಕ್ಕ ಕೇಳಿ. ನೀರಿನ ಬಿಸಿ ನೋಡಿ ಆಳ ಊಹಿಸಲು ಹೋಗಬೇಡಿ, ಸಬ್‌ಮರ್ಸಿಬಲ್ ಮೋಟಾರೇ ನೀರನ್ನು ಬಿಸಿ ಮಾಡುತ್ತದೆ.

ನಿಂತ ನೀರನ್ನು ಹೊರಹಾಕುವ ಲೆಕ್ಕ ಹೀಗೆ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು 21 ಲೀಟರ್ ನೀರು ನಿಲ್ಲುತ್ತದೆ. 100 ಮೀಟರ್ ನೀರಿದ್ದರೆ 2,100 ಲೀಟರ್. ಪುಸ್ತಕದ ನಿಯಮದಂತೆ ಅದರ ಮೂರು ಪಟ್ಟು ಹೊರಹಾಕಬೇಕು, ಅಂದರೆ 6,300 ಲೀಟರ್. ಗಂಟೆಗೆ 4,000 ಲೀಟರ್ ಕೊಡುವ ಬೋರಿಗೆ ಒಂದೂವರೆ ಗಂಟೆ ಮೇಲೆ. ತ್ರೀ ಫೇಸ್ ಕರೆಂಟ್ ಬಂದು ತೋಟಕ್ಕೆ ನೀರು ಹಾಯುತ್ತಿರುವ ಹೊತ್ತಿಗೆ ಹೋಗುವುದೇ ಸುಲಭದ ಉಪಾಯ. ಆಗಲೂ ಗಡಿಯಾರ ನಂಬದೆ ಮೀಟರ್ ನಂಬುತ್ತೇನೆ. ಐದು ನಿಮಿಷಕ್ಕೊಮ್ಮೆ ವಿದ್ಯುತ್ ವಾಹಕತೆ ಮತ್ತು ಪಿಎಚ್ ಓದಿ, ಸತತ ಮೂರು ಓದು ವಾಹಕತೆಯಲ್ಲಿ ಶೇ. 3ರೊಳಗೆ, ಪಿಎಚ್‌ನಲ್ಲಿ 0.1ರೊಳಗೆ ನಿಂತರೆ ಬಾಟಲಿ ತುಂಬುತ್ತೇನೆ. ಟ್ಯಾಂಕಿಗೆ ಹತ್ತಿಸಿದ ನೀರನ್ನು ಹಿಡಿಯುವುದಿಲ್ಲ. ಗಾಳಿಗೆ ಇಂಗಾಲದ ಡೈ ಆಕ್ಸೈಡ್ ಹೋಗಿ, ಪಿಎಚ್ ಏರಿ, ಸುಣ್ಣ ಗೋಡೆಗೆ ಕಟ್ಟಿರುತ್ತದೆ. ಆ ನೀರಿನ ಕ್ಯಾಲ್ಸಿಯಂ ಲೆಕ್ಕಕ್ಕೆ ಬಾರದು.

ಒಂದು ಬೋರಿಗೆ ಎರಡು ಪಾಲಿಥಿನ್ ಬಾಟಲಿ. ಫ್ಲೋರೈಡ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟಿಗೆ ಅರ್ಧ ಲೀಟರ್, ಆಸಿಡ್ ಹಾಕದೆ ಐಸ್ ಪೆಟ್ಟಿಗೆಗೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂಗೆ 100 ಮಿ.ಲೀ., 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಸಿಡ್ ಹನಿ ಹಾಕಿ. ಸೋಸದೆ ಆಸಿಡ್ ಹಾಕಿದರೆ ತೇಲುವ ಜೇಡಿಯ ಕಣಗಳಿಂದಲೂ ಲೋಹ ಬಿಟ್ಟುಕೊಂಡು ಸಂಖ್ಯೆ ಕೆಡುತ್ತದೆ. ಆಸಿಡ್ ಹಾಕಿದ ಬಾಟಲಿಯಿಂದ ನೈಟ್ರೇಟ್ ನೋಡಿದರೆ ನೀವು ಹಾಕಿದ ಆಸಿಡನ್ನೇ ಅಳೆದಂತೆ. ನಗಬೇಡಿ, ಅಂಥ ವರದಿಗಳು ಬರುತ್ತವೆ.

ಕ್ಷಾರತೆಯನ್ನು ಅಲ್ಲೇ, ಜೀಪಿನ ಬಾನೆಟ್ ಮೇಲೆಯೇ ಟೈಟ್ರೇಟ್ ಮಾಡುತ್ತೇನೆ, ಅಂದರೆ ಬಣ್ಣ ತಿರುಗುವವರೆಗೆ ಆಸಿಡ್ ಹನಿಸಿ ಅಳೆಯುತ್ತೇನೆ. 50 ಮಿ.ಲೀ. ನೀರು, 0.02 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್, ಮಿಥೈಲ್ ಆರೆಂಜ್. ಖರ್ಚಾದ ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ/ಲೀ. ಕ್ಷಾರತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ), ಅದನ್ನು 1.22ರಿಂದ ಗುಣಿಸಿದರೆ ಬೈಕಾರ್ಬೊನೇಟ್.

ಫ್ಲೋರೈಡಿಗೆ ಬಣ್ಣದ ಕಿಟ್ ಹಳ್ಳಿಯಲ್ಲಿ ಜರಡಿ ಹಿಡಿಯಲು ಸರಿ. ಆದರೆ 1.3 ಮತ್ತು 1.7ರ ನಡುವಿನ ತೀರ್ಪು ಕಣ್ಣಿಗೆ ಬಿಡುವಂಥದ್ದಲ್ಲ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅಪೇಕ್ಷಿತ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದಾಗ ಗರಿಷ್ಠ 1.5. ಹಾಗಾಗಿ ಫ್ಲೋರೈಡನ್ನು ಮಿಲಿವೋಲ್ಟಿನಲ್ಲಿ ಓದುವ ಎಲೆಕ್ಟ್ರೋಡ್. ಪ್ಲಾಸ್ಟಿಕ್ ಬೀಕರಿನಲ್ಲಿ 25 ಮಿ.ಲೀ. ನೀರಿಗೆ 25 ಮಿ.ಲೀ. ಟಿಸ್ಯಾಬ್ ದ್ರಾವಣ. ಅದು ಪಿಎಚ್ ಅನ್ನು 5ರಿಂದ 5.5ರಲ್ಲಿ ಹಿಡಿದು, ಅಲ್ಯೂಮಿನಿಯಂ ಕಟ್ಟಿಹಾಕಿದ ಫ್ಲೋರೈಡನ್ನು ಬಿಡಿಸುತ್ತದೆ. 0.5, 1, 2, 5, 10ರ ಸ್ಟ್ಯಾಂಡರ್ಡ್‌ಗಳಿಗೂ ಇದೇ ಪ್ರಮಾಣ, ಕಡಿಮೆಯಿಂದ ಹೆಚ್ಚಿಗೆ ಹೋಗಬೇಕು. ಸಾಂದ್ರತೆ ಹತ್ತು ಪಟ್ಟಾದಾಗ 54ರಿಂದ 60 ಮಿಲಿವೋಲ್ಟ್ ಇಳಿಯದಿದ್ದರೆ ಆ ದಿನದ ಓದು ಬೇಡ. ಸ್ಟಿರರ್ ಬಿಸಿಯೇರಿ ಓದು ಜಾರುತ್ತದೆ; ಬೀಕರಿನಡಿ ಒಂದು ತುಂಡು ಥರ್ಮಕೋಲ್ ಸಾಕು.

ಬಂದ ಎಲ್ಲ ಅಂಕಿಗಳನ್ನು ಮಿಲಿ ಇಕ್ವಿವಲೆಂಟಿಗೆ (ತೂಕದ ಬದಲು ವಿದ್ಯುದಾವೇಶದ ಲೆಕ್ಕಕ್ಕೆ) ತಿರುಗಿಸುತ್ತೇನೆ: ಕ್ಯಾಲ್ಸಿಯಂ ಭಾಗಿಸು 20, ಮೆಗ್ನೀಸಿಯಂ 12.15, ಸೋಡಿಯಂ 23, ಪೊಟ್ಯಾಸಿಯಂ 39.1, ಬೈಕಾರ್ಬೊನೇಟ್ 61, ಕ್ಲೋರೈಡ್ 35.5, ಸಲ್ಫೇಟ್ 48, ನೈಟ್ರೇಟ್ 62. ಧನ ಅಯಾನು (ಮೊದಲ ನಾಲ್ಕು), ಋಣ ಅಯಾನುಗಳ (ಉಳಿದವು) ಮೊತ್ತಗಳ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದಾಗ ಶೇ. 5 ಮೀರಿದರೆ ಎಲ್ಲೋ ತಪ್ಪಿದೆ. ಬಹಳ ಸಲ ಸಿಕ್ಕಿಬೀಳುವುದು ತಡವಾಗಿ ಮಾಡಿದ ಬೈಕಾರ್ಬೊನೇಟ್.

ಫ್ಲೋರೈಡನ್ನು ಓದುವುದು ಇದೆಲ್ಲ ಆದ ಮೇಲೆ. ಕ್ಯಾಲ್ಸಿಯಂ, ಫ್ಲೋರೈಡ್ ಸೇರಿ ಆಗುವ ಫ್ಲೋರೈಟ್ ಖನಿಜದ ಕರಗುವ ಮಿತಿ ಹಿಡಿದು ಒರಟಾಗಿ ಲೆಕ್ಕ ಹಾಕಿದರೆ, ಲೀಟರಿಗೆ 100 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ 2ರ ಹತ್ತಿರ ನಿಲ್ಲುತ್ತದೆ. ಕ್ಯಾಲ್ಸಿಯಂ 20ಕ್ಕಿಳಿದರೆ 4 ದಾಟಬಹುದು. ಉಪ್ಪಿನಂಶ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಮೇಲೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು, ಪಿಎಚ್ 8ರ ಮೇಲೆ: ಈ ಕೂಟ ಕಂಡರೆ ಅದು ಬಂಡೆಯೊಡನೆ ಬಹುಕಾಲ ಇದ್ದ ನೀರು, ಕರಿ ಅಭ್ರಕ (ಬಯೊಟೈಟ್), ಅಪಟೈಟ್‌ಗಳಿಂದ ಫ್ಲೋರೈಡ್ ಎಳೆದುಕೊಂಡದ್ದು. ಅದೇ ಬೋರಿನಲ್ಲಿ ನೈಟ್ರೇಟ್ 45 ದಾಟಿದ್ದರೆ ಮೇಲಿನ ನೀರೂ ಇಳಿಯುತ್ತಿದೆ. ಕೇಸಿಂಗ್ ಗಟ್ಟಿ ಬಂಡೆಯಲ್ಲಿ ಸರಿಯಾಗಿ ಕೂತಿಲ್ಲ ಎಂದು ಮೊದಲು ಅನುಮಾನಿಸುತ್ತೇನೆ.

ಇಲ್ಲಿ ಜೇಡಿಮಣ್ಣನ್ನು ಮರೆಯುವವರೇ ಹೆಚ್ಚು. ಕೆರೆಯಂಗಳದ ಕಪ್ಪು ಜೇಡಿ ಇಂಗುವ ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಅಂದರೆ ಫ್ಲೋರೈಡಿಗೆ ಬಾಗಿಲು ತೆರೆಯುತ್ತದೆ. ಕ್ಲೋರೈಡಿಗಿಂತ ಸೋಡಿಯಂ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಸಾರಬಾರದು, ಗ್ರಾನೈಟಿನ ಫೆಲ್ಡ್‌ಸ್ಪಾರ್ ಸವೆದರೂ ಸೋಡಿಯಂ ಬರುತ್ತದೆ. ಸೋಡಿಯಂನಿಂದ ಕ್ಲೋರೈಡ್ ಕಳೆದದ್ದನ್ನು ಒಂದು ಅಕ್ಷದಲ್ಲಿ, ಕ್ಯಾಲ್ಸಿಯಂ-ಮೆಗ್ನೀಸಿಯಂ ಮೊತ್ತದಿಂದ ಬೈಕಾರ್ಬೊನೇಟ್-ಸಲ್ಫೇಟ್ ಮೊತ್ತ ಕಳೆದದ್ದನ್ನು ಇನ್ನೊಂದರಲ್ಲಿ ಇಟ್ಟು, ಚುಕ್ಕೆಗಳು ಮೈನಸ್ ಒಂದರ ಇಳಿಜಾರಿನಲ್ಲಿ ಕೂತರೆ ಜೇಡಿಯ ಈ ಕ್ಯಾಲ್ಸಿಯಂ-ಸೋಡಿಯಂ ವಿನಿಮಯ ಎನ್ನಬಹುದು.

ಮಣ್ಣನ್ನೂ ನೋಡಬೇಕು. ಕೈ ಆಗರಿನಿಂದ (ಕೈಯಿಂದ ತಿರುಗಿಸಿ ಮಣ್ಣು ಕೊರೆಯುವ ಸಾಧನ) ಒಂದೂವರೆ ಮೀಟರ್ ವರೆಗೆ, 30 ಸೆಂ.ಮೀ.ಗೊಂದು ಮಾದರಿ. ಕ್ಯಾಲ್ಗನ್ (ಜೇಡಿ ಕಣಗಳನ್ನು ಬಿಡಿಬಿಡಿ ಮಾಡುವ ಉಪ್ಪು) ದ್ರಾವಣದಲ್ಲಿ ಚೆನ್ನಾಗಿ ಕದಡಿ ಅಲುಗಾಡದಂತೆ ಇಟ್ಟರೆ, 25 ಡಿಗ್ರಿ ನೀರಿನಲ್ಲಿ ಏಳು ಗಂಟೆಯ ನಂತರ ಮೇಲಿನ 10 ಸೆಂ.ಮೀ.ನಲ್ಲಿ ಉಳಿದಿರುವುದು 2 ಮೈಕ್ರಾನಿಗಿಂತ ಸಣ್ಣ ಜೇಡಿ ಮಾತ್ರ. ಅಲ್ಲಿಂದ ಪಿಪೆಟ್ ಮಾಡಿ ಒಣಗಿಸಿ ತೂಗುವಾಗ ಕ್ಯಾಲ್ಗನ್ ತೂಕ ಕಳೆಯಬೇಕು. ಇಂಗುವ ವೇಗಕ್ಕೆ ಒಂದರೊಳಗೊಂದು ಕೂರಿಸಿ ನೀರು ತುಂಬುವ 30 ಮತ್ತು 60 ಸೆಂ.ಮೀ. ಅಗಲದ ಎರಡು ಉಂಗುರ. ಬೇಸಿಗೆಯಲ್ಲಿ ಬಿರಿದ ಕೆರೆಯಂಗಳದಲ್ಲಿ ಮೊದಲ ಅರ್ಧ ಗಂಟೆಯ ಅಂಕಿ ಬಿರುಕಿನದು, ಮಣ್ಣಿನದಲ್ಲ. ಜೇಡಿ ಉಬ್ಬಿ ಬಿರುಕು ಮುಚ್ಚಿ, ವೇಗ ಒಂದೇ ಸಮ ಆಗುವವರೆಗೆ ಕೂರಬೇಕು, ಕೆಲವೊಮ್ಮೆ ಇಡೀ ದಿನ.

ಕೋಲಾರದ ಕೆರೆಗಳಾದರೆ ಇನ್ನೊಂದು ಬಾಟಲಿ ಜಾಸ್ತಿ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಅಲ್ಲಿಗೆ ಹರಿಯುತ್ತಿದೆ. ಕೆರೆ ನೀರಿಗೆ ಗುರುತು ಅದರ ಕ್ಲೋರೈಡ್; ಅದು ಗೊತ್ತಿಲ್ಲದೆ, ಪಕ್ಕದ ಬೋರಿನಲ್ಲಿ ಫ್ಲೋರೈಡ್ ಇಳಿದದ್ದು ಮಳೆಯಿಂದಲೋ ಕೆರೆಯಿಂದಲೋ ಹೇಳಲಾಗದು.