ನೆಕ್ಸಸ್ 7ಕ್ಕೆ ಆಂಡ್ರಾಯ್ಡ್ 11 ಹಾಕಿದ್ದು: ಎರರ್ 70 ದಾಟಿದ ಬಗೆ

2013ರ ನೆಕ್ಸಸ್ 7 (ವೈಫೈ ಮಾದರಿ, ಒಳಹೆಸರು ಫ್ಲೋ) ಗೂಗಲ್ ಕಡೆಯಿಂದ ಆಂಡ್ರಾಯ್ಡ್ 6.0.1ಕ್ಕೇ ನಿಂತುಹೋಯಿತು. 2 ಜಿಬಿ ರ್‍ಯಾಮ್ ಸಾಲದು, ಪ್ರೊಸೆಸರ್ ಹಳತು, ಆಂಡ್ರಾಯ್ಡ್ 11 ಓಡುವ ಮಾತೇ ಇಲ್ಲ ಎಂದವರೇ ಹೆಚ್ಚು. ಈಗ ಲಿನಿಯೇಜ್ 18.1 (ಆಂಡ್ರಾಯ್ಡ್ 11 ಆಧರಿಸಿದ, ಬಳಕೆದಾರರ ಸಮುದಾಯ ಕಟ್ಟಿದ ಓಎಸ್) ಹಾಕಿದ ಎರಡು ಟ್ಯಾಬ್ ನನ್ನ ಮೇಜಿನ ಮೇಲಿವೆ, ಎರಡೂ ದಿನವಿಡೀ ಓಡುತ್ತವೆ. ತೊಡಕೆಲ್ಲ ಇದ್ದದ್ದು ಸಿಸ್ಟಮ್ ಪಾರ್ಟಿಶನ್‌ನಲ್ಲಿ, ಅಂದರೆ ಸ್ಟೋರೇಜ್‌ನಲ್ಲಿ ಓಎಸ್‌ಗೆಂದೇ ಕೊಯ್ದಿಟ್ಟ ಭಾಗದಲ್ಲಿ: ಬರೀ 840 ಎಂಬಿ.

ಖರ್ಚು ನೆನಪಿದ್ದಷ್ಟು: ಸೆಕೆಂಡ್ ಹ್ಯಾಂಡ್ ಟ್ಯಾಬ್ ಒಂದಕ್ಕೆ 1,800, ಬ್ಯಾಟರಿ ಸಾವಿರದ ಆಸುಪಾಸು, ಕೇಬಲ್‌ಗಳಿಗೆ ದಂಡ ಒಂದು 400. ಕೇಬಲ್ ದಂಡ ಯಾಕೆಂದರೆ ಮೊದಲೆರಡು ಬರೀ ಚಾರ್ಜಿಂಗ್ ಕೇಬಲ್‌ಗಳು, ಡೇಟಾ ತಂತಿಯೇ ಇರಲಿಲ್ಲ. ಮೂರನೆಯದರಲ್ಲಿ ಫಾಸ್ಟ್‌ಬೂಟ್‌ಗೆ (ಕಂಪ್ಯೂಟರ್‌ನಿಂದ ಟ್ಯಾಬ್‌ಗೆ ಬರೆಯುವ ಸಾಧನ) ಟ್ಯಾಬ್ ಕಂಡರೂ ಇಮೇಜ್ ಫೈಲ್ ಕಳಿಸುವಾಗ ನಡುವೆ ನಿಲ್ಲುತ್ತಿತ್ತು. ಯುಎಸ್‌ಬಿ 3 ಪೋರ್ಟ್ ಬಿಟ್ಟು, ನಡುವೆ ಹಳೆಯ ಯುಎಸ್‌ಬಿ 2 ಹಬ್ ಇಟ್ಟ ಮೇಲೆ ಒಮ್ಮೆಯೂ ನಿಂತಿಲ್ಲ.

ಬೂಟ್‌ಲೋಡರ್ ಬೀಗ ತೆಗೆಯುವ ಅನ್‌ಲಾಕ್, ಓಎಸ್ ಹಾಕಲು ಬೇಕಾದ ರಿಕವರಿ ಎಂಬ ಪುಟ್ಟ ವ್ಯವಸ್ಥೆ ಏರಿಸುವುದು, ಇವೆರಡೂ ಈ ಕೆಲಸ ಮಾಡಿದವರಿಗೆ ಗೊತ್ತು. ಅಲ್ಲಿಂದ ಮುಂದಿನದೇ ಕಷ್ಟ. ಪಾರ್ಟಿಶನ್ ಮುಟ್ಟದೆ 18.1 ಹಾಕಲು ಹೋದಾಗ ರಾಮ್ (ROM, ಅಂದರೆ ಓಎಸ್ ಪ್ಯಾಕೇಜ್) ಜಿಪ್ ಇ1001 ಎಂಬ ಎರರ್ ಕೊಟ್ಟು ಬಿತ್ತು. ಹಳೆಯ ಲಿನಿಯೇಜ್ 14.1 ಹೇಗೋ ಕೂತಿತು, ಆದರೆ ಅದರ ಮೇಲೆ ಜಿಆ್ಯಪ್ಸ್ (ಪ್ಲೇ ಸ್ಟೋರ್ ಮುಂತಾದ ಗೂಗಲ್ ಆ್ಯಪ್‌ಗಳ ಕಟ್ಟು) ಹಾಕಿದರೆ ಎರರ್ 70, ಅಂದರೆ ಸಿಸ್ಟಮ್‌ನಲ್ಲಿ ಜಾಗ ಇಲ್ಲ. ಅದರ ಪುಟ್ಟ ಕಟ್ಟಾದ ಪಿಕೋ ಪ್ಯಾಕೇಜ್‌ಗೂ ಕೆಲವೊಮ್ಮೆ ಅದೇ ಗತಿ. ಇದಕ್ಕೆ ಮದ್ದು ಒಂದೇ, ಯೂಸರ್‌ಡೇಟಾದಿಂದ (ನಮ್ಮ ಆ್ಯಪ್, ಫೈಲ್‌ಗಳ ಪಾರ್ಟಿಶನ್) ಜಾಗ ಕಿತ್ತು ಸಿಸ್ಟಮ್‌ಗೆ ಕೊಡುವುದು. ಹಾಗೆ ಮಾಡಿದ ಟ್ಯಾಬ್‌ಗೇ ಲಿನಿಯೇಜ್‌ನವರು ಫ್ಲಾಕ್ಸ್ ಎನ್ನುವುದು.

ಮೊದಲು ಪರ್ಸಿಸ್ಟ್ ಪಾರ್ಟಿಶನ್ ಅನ್ನು ಡಿಡಿ (ಪಾರ್ಟಿಶನ್ ಇದ್ದಂತೆಯೇ ನಕಲು ತೆಗೆಯುವ) ಕಮಾಂಡ್‌ನಿಂದ ನಕಲು ತೆಗೆದು ಕಂಪ್ಯೂಟರ್‌ಗೆ ಎಳೆದುಕೊಳ್ಳಿ. ವೈಫೈ ವಿಳಾಸ, ಸೆನ್ಸರ್ ಹೊಂದಾಣಿಕೆ ಅದರಲ್ಲೇ ಇರುವುದು. ಹೋದರೆ ಇನ್ನೊಂದು ಟ್ಯಾಬ್‌ನದು ತಂದು ಹಾಕಿದರೂ ನಿಮ್ಮ ಟ್ಯಾಬ್‌ನ ವಿಳಾಸ, ಹೊಂದಾಣಿಕೆ ಮರಳಿ ಬರುವುದಿಲ್ಲ. ಚಾರ್ಜ್ 80 ಪ್ರತಿಶತದ ಮೇಲಿರಲಿ. ಹೊಸ ಪಾರ್ಟಿಶನ್ ಟೇಬಲ್ (ಯಾವ ಭಾಗ ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ) ಬರೆಯುವ ಮುನ್ನ ಡೇಟಾ, ಕ್ಯಾಶ್, ಸಿಸ್ಟಮ್ ಮೂರನ್ನೂ ಅನ್‌ಮೌಂಟ್ ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ. ಒಮ್ಮೆ ಡೇಟಾ ಮೌಂಟ್ ಆಗಿದ್ದಾಗಲೇ ಬರೆದೆ. ಕರ್ನಲ್ (ಓಎಸ್‌ನ ತಿರುಳು) ಹಳೆಯ ಟೇಬಲ್ಲನ್ನೇ ಹಿಡಿದುಕೊಂಡಿತ್ತು, ಫಾರ್ಮ್ಯಾಟ್ ತಪ್ಪು ಜಾಗಕ್ಕೆ ಬಿತ್ತು, ಇಡೀ ಕೆಲಸ ಮತ್ತೆ ಮೊದಲಿಂದ. ಟೇಬಲ್ ಬರೆದ ಕೂಡಲೇ ರಿಕವರಿಗೇ ರೀಬೂಟ್ ಮಾಡಿ, ಆಮೇಲಷ್ಟೇ ಫಾರ್ಮ್ಯಾಟ್. ನಾನು ಹಾಕಿದ ಸೆಕ್ಟರ್ ಲೆಕ್ಕ ಇಲ್ಲಿ ಬರೆಯುವುದಿಲ್ಲ: 16 ಜಿಬಿಗೂ 32 ಜಿಬಿಗೂ ಅದು ಬೇರೆ, ಕಣ್ಣುಮುಚ್ಚಿ ನಕಲು ಮಾಡಿದರೆ ಟ್ಯಾಬ್ ಏಳದೆ ಇಟ್ಟಿಗೆಯಾಗಿಬಿಡಬಹುದು.

ನಂತರ ಫ್ಲಾಕ್ಸ್ ರಿಕವರಿ ಹಾಕಿ, 18.1 ಜಿಪ್ ಅನ್ನು ಸೈಡ್‌ಲೋಡ್ ಮಾಡಿ, ಅಂದರೆ ಕಂಪ್ಯೂಟರ್‌ನಿಂದ ಕೇಬಲ್ ಮೂಲಕ ಕಳಿಸಿ. ಕಂಪ್ಯೂಟರ್ ತೆರೆಯಲ್ಲಿ 47 ಪ್ರತಿಶತಕ್ಕೆ ನಿಂತರೆ ಕೇಬಲ್ ಕೀಳಬೇಡಿ, ಟ್ಯಾಬ್ ತೆರೆ ನೋಡಿ. ಬಹಳ ಸಲ ಕೆಲಸ ಮುಗಿದೇ ಇರುತ್ತದೆ. ಜಿಆ್ಯಪ್ಸ್ ಬೇಕಿದ್ದರೆ ಮೊದಲ ಬೂಟ್‌ಗೆ ಮುಂಚೆಯೇ ಹಾಕಬೇಕು, ಎಆರ್‌ಎಂ 32 ಬಿಟ್‌ನದು. 64 ಇಳಿಸಿಕೊಂಡು ಅರ್ಧ ದಿನ ಹಾಳಾಯಿತು.

ನಡುವೆ ಡೇಟಾವನ್ನು ಎಫ್2ಎಫ್ಎಸ್‌ಗೆ (ಫ್ಲ್ಯಾಶ್ ಸ್ಟೋರೇಜ್‌ಗೆಂದು ಮಾಡಿದ ಫೈಲ್ ಸಿಸ್ಟಮ್) ಬದಲಿಸಿ ನೋಡಿದೆ. ಆ್ಯಪ್ ತೆರೆಯುವುದು ಒಂದಿಷ್ಟು ಚುರುಕಾಯಿತು ಅನ್ನಿಸಿತು, ಗಡಿಯಾರ ಹಿಡಿದು ನೋಡಿದರೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಇಲ್ಲ. ಪೋಸ್ಟ್‌ಮಾರ್ಕೆಟ್ ಓಎಸ್ (ಫೋನ್, ಟ್ಯಾಬ್‌ಗಳಿಗೆಂದಿರುವ ಲಿನಕ್ಸ್) ಕೂಡ ಏರಿಸಿದೆ. ತೆರೆ, ವೈಫೈ ಬಂದವು, ಕ್ಯಾಮೆರಾ ಸಿಗಲಿಲ್ಲ, ತೆಗೆದುಬಿಟ್ಟೆ.

ಎಲ್ಲ ಸರಿಯಾದ ಮೇಲೂ ಟ್ಯಾಬ್ ಏಕಾಏಕಿ ಸತ್ತಂತಾದರೆ ರಾಮ್ ಅನ್ನು ಬೈಯುವ ಮುಂಚೆ ಹಿಂಬದಿ ಮುಚ್ಚಳ ಬಿಚ್ಚಿ. ಅಂಚಿಗೆ ಉಗುರು ಕೊಟ್ಟರೆ ಸಾಕು, ಏಳುತ್ತದೆ. ಬ್ಯಾಟರಿ ಕನೆಕ್ಟರ್ ಸಡಿಲವಾಗುವುದು ಈ ಮಾದರಿಯ ಹಳೇ ಚಾಳಿ. ಒತ್ತಿ ಕೂರಿಸಿ, ಮೇಲೆ ಎರಡು ಪದರ ಟೇಪ್ ಮಡಿಸಿಟ್ಟರೆ ಮುಚ್ಚಳವೇ ಅದನ್ನು ಅದುಮಿ ಹಿಡಿಯುತ್ತದೆ.