ಹಳೆಯ ಜಾಲಪುಟದ ‘ಕನಾರ್ಟಕ’ವನ್ನು ಸರಿಪಡಿಸುವುದು ಹೇಗೆ?

ಮೈಸೂರಿನ ಸಂಘದ್ದೋ ಮಂಡ್ಯದ ಕಾಲೇಜಿನದೋ 2000ರ ಸುಮಾರಿನ ಕನ್ನಡ ಜಾಲಪುಟ ಸಿ.ಡಿ.ಯಲ್ಲಿ ಉಳಿದಿದ್ದರೆ, ಇವತ್ತಿನ ಬ್ರೌಸರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಬರಹ ಕೆಟ್ಟಿಲ್ಲ, ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದ ಫಾಂಟ್ ಇಲ್ಲ.

ಇದರ ಬೇರು ಬ್ರೌಸರುಗಳ ಪೈಪೋಟಿಯಲ್ಲಿದೆ. 1997ರಲ್ಲಿ ನೆಟ್‌ಸ್ಕೇಪ್ ಕಮ್ಯುನಿಕೇಟರ್ 4, ಪುಟದ ಜೊತೆಗೇ ಫಾಂಟ್ ಕಳಿಸಲು ಬಿಟ್‌ಸ್ಟ್ರೀಮ್ ಕಂಪನಿಯ ಪಿಎಫ್‌ಆರ್ ಕಡತವನ್ನು ಆರಿಸಿಕೊಂಡಿತು. ಅದೇ ವರ್ಷ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಮೈಕ್ರೋಸಾಫ್ಟಿನ ಇಒಟಿ ಎಂಬ ಫಾಂಟ್ ಕಡತವನ್ನು ಹಿಡಿಯಿತು. ಒಬ್ಬರದು ಇನ್ನೊಬ್ಬರಿಗೆ ನೇರವಾಗಿ ಆಗದು. ಎರಡೂ ಕಡೆ ಕನ್ನಡ ಕಾಣಬೇಕೆಂದರೆ ಸಾಮಾನ್ಯವಾಗಿ ಎರಡೂ ಕಡತ ಇಡಬೇಕಿತ್ತು. 2000ದ ನೆಟ್‌ಸ್ಕೇಪ್ 6 ಪಿಎಫ್‌ಆರ್ ಅನ್ನೇ ಕೈಬಿಟ್ಟಿತು.

ಹಳೆಯ ಎಕ್ಸ್‌ಪ್ಲೋರರ್ ಹುಡುಕಿ ಹಾಕಿಕೊಂಡರೂ ಸಾಲದು. ಇಒಟಿ ಕಡತವನ್ನು ಸಾಮಾನ್ಯವಾಗಿ ಒಂದು ಜಾಲತಾಣದ ವಿಳಾಸಕ್ಕೆ ಕಟ್ಟಿಹಾಕಿರುತ್ತಿದ್ದರು. ಸಿ.ಡಿ.ಯಿಂದ ತೆರೆದರೆ ಅದು ಕೆಲಸ ಮಾಡುವುದಿಲ್ಲ. ಪುಟದ ಮೂಲಸಂಕೇತದ ಫಾಂಟ್ ಟ್ಯಾಗಿನಲ್ಲಿರುವ ಹೆಸರು ನೋಡಿ, ‘ನುಡಿ’ಯೋ ‘ಬರಹ’ವೋ, ಆ ತಂತ್ರಾಂಶದ ಫಾಂಟನ್ನೇ ಕಂಪ್ಯೂಟರಿಗೆ ಹಾಕಿ. ಪುಟ ಸರಿಯಾಗಿ ಕಂಡ ಕೂಡಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ತಾಳೆ ನೋಡಲು ಅದೇ ಆಧಾರ.

ಇನ್ನು ಬರಹವನ್ನು ಯೂನಿಕೋಡಿಗೆ, ಅಂದರೆ ಇಂದಿನ ಕಂಪ್ಯೂಟರುಗಳು ಓದುವ ಅಕ್ಷರಸಂಕೇತಕ್ಕೆ, ಪರಿವರ್ತಿಸಬೇಕು. ಇದನ್ನು ನಕಲು ಪ್ರತಿಯಲ್ಲೇ ಮಾಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಡತ ತೆರೆದಾಗ ಎನ್‌ಕೋಡಿಂಗ್ (ಬೈಟುಗಳನ್ನು ಅಕ್ಷರವಾಗಿ ಓದುವ ಬಗೆ) ವಿಂಡೋಸ್-1252 ಇರಲಿ. ಯೂನಿಕೋಡಿನ ಎನ್‌ಕೋಡಿಂಗ್ ಆದ ಯುಟಿಎಫ್-8 ಎಂದು ತೆರೆದು ಉಳಿಸಿದರೆ ಓದಲಾಗದ ಬೈಟುಗಳು ಅಳಿಸಿಹೋಗುವ ಅಪಾಯವಿದೆ, ಆಮೇಲೆ ಯಾವ ಪರಿವರ್ತಕವೂ ಅವನ್ನು ತರಲಾರದು. ಇಡೀ ಪುಟವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿಯಬೇಡಿ, ಟ್ಯಾಗುಗಳೂ ಇಂಗ್ಲಿಷ್ ಸಾಲುಗಳೂ ಕಲಸುಮೇಲೋಗರವಾಗುತ್ತವೆ. ತಲೆಬರಹಕ್ಕೆ ಬೇರೆ ಫಾಂಟ್ ಇದ್ದರೆ ಅದಕ್ಕೆ ಬೇರೆಯೇ ಪರಿವರ್ತಕ ಬೇಕು.

ಫಲಿತಾಂಶವನ್ನು ಮೂರು ಪದಗಳಲ್ಲಿ ಪರೀಕ್ಷಿಸಿ.

ಕರ್ನಾಟಕ: ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ‘ನಾ’ ಆದಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕನಾರ್ಟಕ’ ಆಗುತ್ತದೆ. ಕಾರ್ಯ, ಧರ್ಮ, ವರ್ಷಗಳನ್ನೂ ನೋಡಿ.

ಮೈಸೂರು: ಇದು ಮೋಸದ ತಪ್ಪು. ಐತ್ವವು ಎತ್ವ ಮತ್ತು ಕೆಳಗೆ ಬರುವ ಐತ್ವದ ಗುರುತು ಎಂದು ಎರಡು ತುಂಡಾಗಿ ಉಳಿದಿರಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಹುಡುಕಿದರೆ ಮಾತ್ರ ಊರು ಸಿಗುವುದಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ವಿಧಾನ) ಮಾಡಿದರೆ ಎರಡೂ ಒಂದಾಗುತ್ತವೆ.

ಮಂಡ್ಯ: ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತು ‘ಮ೦ಡ್ಯ’ ಆಗಿರಬಹುದು. ಅಕ್ಷರ ಅಥವಾ ಸ್ವರಚಿಹ್ನೆ ಆದ ಕೂಡಲೇ ಬರುವ ಸೊನ್ನೆಯನ್ನಷ್ಟೇ ಬದಲಿಸಿ. ಎಲ್ಲವನ್ನೂ ಬದಲಿಸಿದರೆ ‘೨೦೦೦’ದಂಥ ಇಸವಿಗಳು ಹಾಳಾಗುತ್ತವೆ.

ಕೊನೆಗೆ ಪರಿವರ್ತಿಸಿದ ಕಡತವನ್ನು ಯುಟಿಎಫ್-8 ಆಗಿ ಉಳಿಸಿ, ಮೆಟಾ ಟ್ಯಾಗಿನಲ್ಲೂ ಹಾಗೇ ಬರೆಯಿರಿ, ಪಿಎಫ್‌ಆರ್ ಮತ್ತು ಇಒಟಿ ಕಡತಗಳ ಉಲ್ಲೇಖ ತೆಗೆಯಿರಿ. ಹಳೆಯ ಫಾಂಟಿನ ಹೆಸರನ್ನೂ ಅಳಿಸಿ, ಇಲ್ಲವಾದರೆ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಕಾಣುತ್ತವೆ.