ಮೂರು ಬಣ್ಣದಲ್ಲಿ ಒಂದು ಗುಬ್ಬಚ್ಚಿ

ಜಲವರ್ಣ ಹಿಡಿದ ಹೊಸತರಲ್ಲಿ ನಾನು ಬಿಡಿಸಿದ್ದೆಲ್ಲ ಮಿಂಚುಳ್ಳಿ, ಗಿಳಿ, ನವಿಲು. ಹಕ್ಕಿಯ ಮೈಮೇಲೆ ಬಣ್ಣ ಹೆಚ್ಚಿದ್ದಷ್ಟೂ ಚಿತ್ರ ತಾನಾಗಿ ಚೆಂದವಾಗುತ್ತದೆ ಎಂಬ ಲೆಕ್ಕ. ಗುಬ್ಬಚ್ಚಿಯನ್ನು ತಿರುಗಿಯೂ ನೋಡಿರಲಿಲ್ಲ. ಮಣ್ಣು ಬಣ್ಣದ ಹಕ್ಕಿ, ಅದರಲ್ಲಿ ಬಿಡಿಸುವಂಥದ್ದೇನಿದೆ? ಈಚೆಗೆ ಒಂದು ವಾರ ಕೂತು ಒಂದೇ ಒಂದು ಗಂಡು ಗುಬ್ಬಿಯನ್ನು ಮುಗಿಸಿದೆ. ಇಷ್ಟು ಬೆವರಿಳಿಸಿದ ಹಕ್ಕಿ ಇನ್ನೊಂದಿಲ್ಲ.

ಮೊದಲೆರಡು ದಿನ ಬಣ್ಣ ಮುಟ್ಟಲಿಲ್ಲ. ಪೆನ್ಸಿಲ್, ಸಣ್ಣ ಪುಸ್ತಕ ಹಿಡಿದು ನೋಡುತ್ತಾ ಕೂತೆ. ಗುಬ್ಬಿ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ, ಕುಪ್ಪಳಿಸುತ್ತಲೇ ಇರುತ್ತದೆ. ಹಾಗಾಗಿ ಒಂದೊಂದಕ್ಕೂ ಮೂರೇ ಗೀಟು: ಬೆನ್ನು ಎಷ್ಟು ಓರೆ ಅನ್ನುವುದಕ್ಕೆ ಒಂದು, ಮೈಗೆ ಒಂದು ಮೊಟ್ಟೆಯಾಕಾರ, ತಲೆಗೆ ಒಂದು ಉಂಡೆ. ಇಂಥವು ಮೂವತ್ತಾದರೂ ಆದವು. ವಿವರಕ್ಕೆ ಮಾತ್ರ ನಾನೇ ತೆಗೆದ ಫೋಟೋ ಇಟ್ಟುಕೊಂಡೆ. ಫೋಟೋ ಒಂದನ್ನೇ ನಂಬಿ ಬಿಡಿಸಿದ ನನ್ನ ಹಳೆಯ ಹಕ್ಕಿಗಳೆಲ್ಲ ಕೊಂಬೆಗೆ ಅಂಟಿಸಿದ ಹಾಗೆ ಕಾಣುತ್ತವೆ. ಕಾಲಿನ ವಿಷಯದಲ್ಲೂ ಬಹಳ ದಿನ ಮೋಸ ಹೋಗಿದ್ದೆ. ಹಿಂದಕ್ಕೆ ಮಡಚಿದ ಮಂಡಿಯಂತೆ ಕಾಣುವುದು ನಿಜಕ್ಕೂ ಹಿಮ್ಮಡಿ. ಮಂಡಿ ಇರುವುದು ಹೊಟ್ಟೆಯ ಗರಿಗಳ ಒಳಗೆ. ಇದು ತಿಳಿದ ಮೇಲೆ ಕಾಲನ್ನು ಬಾಲದ ಕಡೆಗೆ ತಳ್ಳುವುದು ನಿಂತಿತು, ಹಕ್ಕಿ ಮುಗ್ಗರಿಸುವುದೂ ನಿಂತಿತು.

ಕಾಗದ 300 ಜಿಎಸ್‌ಎಂ ಹತ್ತಿಯದು, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ. ಕೋಲ್ಡ್ ಪ್ರೆಸ್, ಎಂದರೆ ಮೈ ತುಸು ತರಿತರಿ. ಉರುಟು ತುದಿಯ ಬ್ರಷ್ ಎರಡು, 8 ಮತ್ತು 2ನೇ ನಂಬರಿನವು. ಬಣ್ಣ ಮೂರೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ.

ಗುಬ್ಬಿ ನನ್ನನ್ನು ಗೆದ್ದದ್ದು ಇಲ್ಲೇ. ಬರ್ನ್ಟ್ ಸಿಯೆನ್ನಾ ಕಂದು ಅನ್ನಿಸಿದರೂ ಅದು ಮಂಕಾದ ಕಿತ್ತಳೆ. ನೀಲಿಗೆ ಎದುರು ಬಣ್ಣವಾದ್ದರಿಂದ ಎರಡೂ ಸೇರಿದರೆ ಒಂದರ ಹೊಳಪನ್ನು ಇನ್ನೊಂದು ತಿನ್ನುತ್ತದೆ. ನೀರು ಜಾಸ್ತಿ, ನೀಲಿ ತುಸು ಮುಂದು: ನೆತ್ತಿಯ ಬೂದು ಸಿಕ್ಕಿತು. ನೀಲಿಯನ್ನು ಬಿಟ್ಟರೆ ಕಣ್ಣಿನ ಹಿಂದಿನಿಂದ ಕತ್ತಿಗೆ ಇಳಿಯುವ ಕೆಂಗಂದು. ಎರಡನ್ನೂ ಮಂದವಾಗಿ, ನೀರೇ ಇಲ್ಲವೆಂಬಂತೆ ಕಲಸಿದರೆ ಗಂಟಲಿನ ಕಪ್ಪು. ಟ್ಯೂಬಿನ ಕಪ್ಪು ಒಣಗಿದ ಮೇಲೆ ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಈ ಕಪ್ಪಿಗೆ ಉಸಿರಿದೆ. ಒಂದೇ ಜೋಡಿಯಿಂದ ಹುಟ್ಟಿದ್ದರಿಂದ ತಲೆ, ಬೆನ್ನು, ಗಂಟಲು ಒಂದೇ ಹಕ್ಕಿಯವು ಅನ್ನಿಸುತ್ತವೆ.

ಕಣ್ಣು ಮೊದಲು ಹಾಕಿದೆ. ಹಲವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ನನಗೆ ಕಣ್ಣು ಕೂರದಿದ್ದರೆ ಮುಂದಿನ ಕೆಲಸವೆಲ್ಲ ದಂಡ ಅನ್ನಿಸುತ್ತದೆ. ಮಿಂಚಿನ ಚುಕ್ಕಿಯಷ್ಟು ಕಾಗದವನ್ನು ಮುಟ್ಟದೆ ಬಿಟ್ಟು ಸುತ್ತ ಕಡು ಕಂದು ತುಂಬಿದೆ. ಆಮೇಲೆ ಮೈಗೆಲ್ಲ ತೆಳು ಓಕರ್, ಒದ್ದೆಯಿರುವಾಗಲೇ ಬೆನ್ನಿಗೆ ಸಿಯೆನ್ನಾ. ಎದೆ, ಹೊಟ್ಟೆಗೆ ಹೆಚ್ಚುಕಡಿಮೆ ಏನೂ ಹಚ್ಚಲಿಲ್ಲ. ಅಡಿಯಲ್ಲಿ ನೆರಳಿಗೊಂದು ನೀಲಿಬೂದು ನೀರು, ಅಷ್ಟೇ. ಬೆಳಕು ಬೀಳುವ ಕಡೆ ಹೊಟ್ಟೆಯ ಅಂಚನ್ನೂ ಬರೆಯಲಿಲ್ಲ. ಅದನ್ನು ನೋಡುವವರ ಕಣ್ಣೇ ಪೂರೈಸಿಕೊಳ್ಳುತ್ತದೆ.

ಮೊದಲ ಹಾಳೆ ಕೆಟ್ಟದ್ದು ಗಂಟಲಿನ ಹತ್ತಿರ. ಕೆನ್ನೆ ಇನ್ನೂ ಹಸಿಯಿದ್ದಾಗ ಕಪ್ಪು ಇಟ್ಟೆ. ಅದು ಕ್ಷಣದಲ್ಲಿ ಬಿಳಿ ಕೆನ್ನೆಗೆ ಬೇರು ಬಿಟ್ಟಂತೆ ಹರಿಯಿತು. ಟಿಶ್ಯೂ ಒತ್ತಿ, ತೇವದ ಬ್ರಷ್ಷಿನಲ್ಲಿ ಎತ್ತಿ ನೋಡಿದೆ. ಮುಕ್ಕಾಲು ಪಾಲು ಬಂತು, ಉಳಿದ ಕಾಲು ಹಕ್ಕಿಗೆ ಗಡ್ಡವಾಯಿತು. ಹಾಳೆಯನ್ನು ಓರೆಯಾಗಿ ನೋಡಿದಾಗ ಹೊಳಪು ಹೋದ ಮಾತ್ರಕ್ಕೆ ಒಣಗಿದೆ ಎಂದುಕೊಂಡಿದ್ದೆ. ಈಗ ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸುತ್ತೇನೆ. ತಣ್ಣಗಿದ್ದರೆ ಒಳಗೆ ನೀರಿದೆ ಎಂದರ್ಥ. ಎದ್ದು ಹೋಗಿ ಬೇರೇನಾದರೂ ಕೆಲಸ ನೋಡುತ್ತೇನೆ, ಅಲ್ಲೇ ಕೂತರೆ ಕೈ ಸುಮ್ಮನಿರುವುದಿಲ್ಲ.

ಎರಡನೇ ಹಾಳೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ರೆಕ್ಕೆ. ಹಿಂದೆಲ್ಲ ಗರಿಗೊಂದು ಗೀಟು ಎಳೆದು ಹಕ್ಕಿಗೆ ಮೀನಿನ ಹುರುಪೆ ಹೊದಿಸುತ್ತಿದ್ದೆ. ಈ ಸಲ ರೆಕ್ಕೆಯನ್ನು ಮೂರು ಗುಂಪಾಗಿ ಮಾತ್ರ ನೋಡಿದೆ: ಭುಜದ ಮೇಲಿನ ಸಣ್ಣ ಗರಿಗಳು, ಅವುಗಳ ಕೆಳಗೆ ಹೆಂಚಿನಂತೆ ಹೊದ್ದುಕೊಂಡವು, ಕೊನೆಗೆ ಉದ್ದನೆಯ ಹಾರುಗರಿಗಳು. ನಡುವಿನ ಬಿಳಿ ಪಟ್ಟೆ ಬರಿಯ ಕಾಗದ. ಒಂದೊಂದು ಗುಂಪಿಗೂ ಒಂದು ನೆರಳು ಹಾಕಿ, ಗರಿಯ ಅಂಚನ್ನು ಅಲ್ಲಲ್ಲಿ ಎಂಟು ಹತ್ತು ಕಡೆ ತೋರಿಸಿ ಬಿಟ್ಟೆ. ಬೆನ್ನಿನ ಕಪ್ಪು ಗೀರುಗಳಿಗೆ ಬ್ರಷ್ಷನ್ನು ಬಟ್ಟೆಗೆ ಒತ್ತಿ ಅರೆ ಒಣಗಿಸಿಕೊಂಡು, ಕಾಗದದ ಉಬ್ಬುತಗ್ಗಿನ ಮೇಲೆ ಸವರಿದೆ. ಗೀರು ತುಂಡು ತುಂಡಾಗಿ ಬಂತು, ನನಗೆ ಬೇಕಿದ್ದೂ ಅದೇ. ಜಲವರ್ಣ ಒಣಗಿದರೆ ತಿಳಿಯಾಗುವುದರಿಂದ ಮಾರನೆಯ ದಿನ ಗಂಟಲಿಗೂ ಕಣ್ಣಂಚಿಗೂ ಇನ್ನೊಂದು ಸುತ್ತು ಕಪ್ಪು ಕೊಡಬೇಕಾಯಿತು.

ಕೊಂಬೆಗೆ ಉಳಿದ ಕೊಳೆನೀರಿನದೇ ಬಣ್ಣ. ಆಚೆಯ ಕಾಲನ್ನು ಬಿಡಿಸಲೇ ಇಲ್ಲ. ಗೋಡೆಗೆ ಹಾಕಿ ಹದಿನೈದು ದಿನವಾಯಿತು, ಅದೆಲ್ಲಿ ಎಂದು ಇನ್ನೂ ಯಾರೂ ಕೇಳಿಲ್ಲ.